ರಸಾಯನದ ಮಾಣಿ

ಹೊನ್ನಾವರ ಸೀಮೆಯ ಅಡುಗೆಮನೆಗಳಲ್ಲಿ ರಸಾಯನವೆಂದರೆ ಕಳಿತ ಬಾಳೆಹಣ್ಣನ್ನೋ ಮಾವಿನ ಹಣ್ಣನ್ನೋ ಹೆಚ್ಚಿ, ಬೆಲ್ಲ ಸೇರಿಸಿ, ಕಾಯಿಹಾಲು ಹಿಂಡಿ, ಏಲಕ್ಕಿ ಪುಡಿ ಉದುರಿಸಿ, ದೋಸೆಯ ಪಕ್ಕದಲ್ಲಿ ಬಡಿಸುವ ಸಿಹಿ ಪದಾರ್ಥ. ಆಯುರ್ವೇದವು ಅದೇ ಶಬ್ದವನ್ನು ತನ್ನ ಎಂಟು ಅಂಗಗಳಲ್ಲಿ ಒಂದಾದ, ಮುಪ್ಪನ್ನು ಮುಂದಕ್ಕೆ ದೂಡುವ ಚಿಕಿತ್ಸೆಗೆ ಇಟ್ಟುಕೊಂಡಿದೆ. ಶಾಲೆಯ ಪಠ್ಯಪುಸ್ತಕಗಳು ಅದರ ಬಾಲಕ್ಕೆ ‘ಶಾಸ್ತ್ರ’ವನ್ನು ಕಟ್ಟಿ ಕೆಮಿಸ್ಟ್ರಿ ಎಂಬ ವಿದ್ಯೆಗೆ ಹೆಸರು ಮಾಡಿವೆ. ಈ ಮೂರು ಅರ್ಥಗಳಲ್ಲಿ ಮೊದಲನೆಯದು ಊರಿನದು, ಎರಡನೆಯದು ವೈದ್ಯರದು, ಮೂರನೆಯದಕ್ಕೆ ಊರಿನಲ್ಲಿ ವಾರಸುದಾರರು ಕಡಿಮೆ. ಆದಕಾರಣ ಮೊಮ್ಮಗನು ರಸಾಯನಶಾಸ್ತ್ರ ಓದುವುದಕ್ಕೆ ಅಮೆರಿಕಕ್ಕೆ ಹೊರಟಿದ್ದಾನೆಂಬ ಸುದ್ದಿ ಕೇಳಿದ ಅಮ್ಮಮ್ಮ “ಬಾಳೆಹಣ್ಣು ಇಲ್ಲೇ ಇದ್ದಲಾ” ಎಂದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಊರಿನ ನಿಘಂಟಿನ ಮಟ್ಟಿಗೆ ಆಕೆಯ ಪಕ್ಷವೇ ಬಲವಾದದ್ದು.

ಇಲ್ಲಿ ವಿವರಿಸಬೇಕಾದ ವ್ಯಕ್ತಿಯನ್ನು ಅನುಕೂಲಕ್ಕಾಗಿ ‘ರಸಾಯನದ ಮಾಣಿ’ ಎಂದು ಕರೆಯಬಹುದು. ಮಾಣಿಯೆಂದರೆ ಹವ್ಯಕರ ಮಾತಿನಲ್ಲಿ ಹುಡುಗ. ಹೋಟೆಲಿನಲ್ಲಿ ತಿಂಡಿ ತಂದಿಡುವವನಿಗೂ ಕನ್ನಡದಲ್ಲಿ ಇದೇ ಹೆಸರಿದ್ದು, ಪರದೇಶದ ಪ್ರಯೋಗಾಲಯದಲ್ಲಿ ಮೊದಲ ವರ್ಷ ಈತ ಮಾಡುವ ಲೋಟ ಬಟ್ಟಲು ತೊಳೆಯುವ ಕೆಲಸವನ್ನು ನೆನೆದರೆ ಎರಡನೆಯ ಅರ್ಥವೂ ತಪ್ಪಲ್ಲ. ಈತ ಹವ್ಯಕನೇ ಆಗಿರಬೇಕೆಂಬ ಕಡ್ಡಾಯವೇನೂ ಇಲ್ಲ: ಕಾಸರಕೋಡಿನ ಮೀನುಗಾರರ ಮನೆಯಿಂದಲೂ, ಕರ್ಕಿಯ ನಾಮಧಾರಿಗಳ ಮನೆಯಿಂದಲೂ, ಕುಮಟೆಯ ಕೊಂಕಣಿ ಅಂಗಡಿಕಾರರ ಮನೆಯಿಂದಲೂ ಇಂಥವರು ಹೊರಟಿದ್ದಾರೆ. ಹುಡುಗಿಯಾಗಿದ್ದರೆ ‘ಕೂಸು’ ಎಂದು ತಿದ್ದಿಕೊಂಡರೆ ಸಾಕು. ಮುಂದೆ ಹೇಳುವ ಲಕ್ಷಣಗಳೆಲ್ಲ ಅವಳಿಗೂ ಸಲ್ಲುತ್ತವೆ, ಮದುವೆಯ ಪ್ರಶ್ನೆ ಮಾತ್ರ ಅವಳಿಗೆ ಮೂರು ವರ್ಷ ಮುಂಚಿತವಾಗಿಯೇ ಬರುತ್ತದೆ. ಭಟ್ಕಳದ ನವಾಯತರ ಮನೆಯಿಂದ ಹೊರಟವನ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ಅಲ್ಲಿ ಪರದೇಶವೆಂದರೆ ತಲೆಮಾರುಗಳಿಂದ ಕೊಲ್ಲಿಯ ನಾಡು, ಅಲ್ಲಿಂದ ತಿಂಗಳ ಕೊನೆಗೆ ಹಣ ಬರುವುದು ವಾಡಿಕೆ. ಐದಾರು ವರ್ಷ ಹೊರಗಿದ್ದೂ ಮನೆಗೆ ಹಣ ಕಳಿಸದೆ “ಓದುತ್ತಿದ್ದೇನೆ” ಎನ್ನುವವನನ್ನು ದುಡಿಯುವವರ ಲೆಕ್ಕಕ್ಕೆ ಹಿಡಿಯಬೇಕೋ ಮಕ್ಕಳ ಲೆಕ್ಕಕ್ಕೆ ಹಿಡಿಯಬೇಕೋ ಎಂಬುದು ಮದುವೆಮನೆಯ ಪಂಕ್ತಿಗಳಲ್ಲಿ ಇತ್ಯರ್ಥವಾಗದೆ ಉಳಿದಿದೆ.

ಈತನ ಪೂರ್ವೇತಿಹಾಸ ಬಹುಮಟ್ಟಿಗೆ ಒಂದೇ ಅಚ್ಚಿನದು. ಹೊನ್ನಾವರದ ಎಸ್.ಡಿ.ಎಂ. ಕಾಲೇಜಿನಲ್ಲೋ ಕುಮಟೆಯ ಬಾಳಿಗಾ ಕಾಲೇಜಿನಲ್ಲೋ ಬಿ.ಎಸ್ಸಿ., ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲೋ ಎಂ.ಎಸ್ಸಿ., ನಡುವೆ ಒಂದೆರಡು ವರ್ಷ ಬೆಂಗಳೂರಿನ ಹೊರವಲಯದ ಔಷಧ ಕಂಪನಿಯಲ್ಲಿ ರಾತ್ರಿ ಪಾಳಿ, ಅಲ್ಲಿನ ಬೇಸರದಿಂದ ಹುಟ್ಟಿದ ಪರದೇಶದ ಅರ್ಜಿಗಳು. ಪರೀಕ್ಷೆ, ಶಿಫಾರಸು ಪತ್ರ, ವೀಸಾ ಮುಂತಾದವು ಎಲ್ಲರಿಗೂ ಗೊತ್ತಿರುವವೇ ಆದ್ದರಿಂದ ವಿಸ್ತರಿಸಬೇಕಾಗಿಲ್ಲ. ವಿಸ್ತರಿಸಬೇಕಾದದ್ದು ಪೆಟ್ಟಿಗೆಯ ವಿಷಯ. ವಿಮಾನ ಕಂಪನಿಯು ಒಂದು ಪೆಟ್ಟಿಗೆಗೆ 23 ಕಿಲೋ ಎಂದು ಮಿತಿ ಹಾಕಿದ್ದರೂ ಮನೆಯವರು ಅದನ್ನು ಕನಿಷ್ಠ ಮಿತಿಯೆಂದು ತಿಳಿಯುತ್ತಾರೆ. ಕುಕ್ಕರ್, ಹಲಸಿನ ಹಪ್ಪಳ, ಒಣಗಿಸಿದ ಮುರುಗಲು ಸಿಪ್ಪೆ, ಸಾರಿನ ಪುಡಿ, ಒಂದರೊಳಗೊಂದು ಮಡಿಚಿಟ್ಟ ತೊಡದೇವು ಇವೆಲ್ಲ ತುಂಬಿದ ಮೇಲೆ ನಡುವೆ, ನಾಲ್ಕು ಪ್ಲಾಸ್ಟಿಕ್ ಚೀಲ ಎರಡು ಪಂಚೆಗಳ ಒಳಗೆ, ಗರ್ಭಗುಡಿಯಲ್ಲಿಟ್ಟಂತೆ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಕೂರುತ್ತದೆ. ವಿದ್ಯೆಗೆ ಸಂಬಂಧಿಸಿದ ವಸ್ತು ಈ ಪೆಟ್ಟಿಗೆಯಲ್ಲಿ ಒಂದೂ ಇಲ್ಲವೆಂದು ಮೇಲುನೋಟಕ್ಕೆ ಕಂಡರೂ, ಮುಂದೆ ತಿಳಿಯುವಂತೆ, ಮಾಣಿಯ ನಿಜವಾದ ಪಠ್ಯಕ್ರಮವೆಲ್ಲ ಅದರಲ್ಲಿಯೇ ಇರುತ್ತದೆ.

ಈ ದಾರಿಯಲ್ಲಿ ಹಿಂದೆ ನಡೆದವರಿಲ್ಲವೆಂದಲ್ಲ, ಮಾಣಿಯ ಕಷ್ಟವೆಂದರೆ ನಡೆದವರು ತೀರ ದೊಡ್ಡವರು. ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಒಂಬತ್ತು ತಿಂಗಳಲ್ಲಿ ಸಂಶೋಧನೆ ಮುಗಿಸಿ 1958ರಲ್ಲಿ ಡಾಕ್ಟರೇಟ್ ಪಡೆದರೆಂಬುದು ಅವರಿಗೆ ಭಾರತರತ್ನ ಬಂದಾಗ ಪತ್ರಿಕೆಗಳಲ್ಲೆಲ್ಲ ಬಂತು. ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡ ತಂದೆ, ಮಗನ ಸಂಶೋಧನೆಗೆ ಐದನೆಯ ವರ್ಷ ಹಿಡಿದಾಗಿನಿಂದ ಅದನ್ನು ಆಗಾಗ ಹೊರತೆಗೆದು ಓದುತ್ತಾನೆ. ಇನ್ನೊಬ್ಬರು ಇದೇ ಕರಾವಳಿಯವರು. ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಓದಿ, ಅಮೆರಿಕದ ನ್ಯೂಜೆರ್ಸಿಯ ಸ್ಟೀವನ್ಸ್ ಸಂಸ್ಥೆಯಲ್ಲಿ ರಾಸಾಯನಿಕ ತಂತ್ರಜ್ಞಾನದ ಹೆಚ್ಚಿನ ವ್ಯಾಸಂಗ ಮಾಡಿ, ಪಾಲಿಮರ್ ಎಂದರೆ ಸಣ್ಣ ಅಣುಗಳನ್ನು ಸರದಂತೆ ಪೋಣಿಸಿ ಮಾಡಿದ ಪ್ಲಾಸ್ಟಿಕ್ ಮುಂತಾದ ದ್ರವ್ಯಗಳ ತಜ್ಞರಾಗಿ ಮುಂಬಯಿಯಲ್ಲಿ ದುಡಿದರು. ಕನ್ನಡಿಗರು ಅವರನ್ನು ಬಲ್ಲುದು ಪ್ಲಾಸ್ಟಿಕ್ಕಿನಿಂದಲ್ಲ, ‘ಶಿಕಾರಿ’ ಕಾದಂಬರಿಯಿಂದ. ಗೋಕರ್ಣದ ಜಯಂತ ಕಾಯ್ಕಿಣಿಯವರೂ ಧಾರವಾಡದಲ್ಲಿ ಜೀವರಸಾಯನ ಓದಿ ಮುಂಬಯಿಯ ಔಷಧೋದ್ಯಮದಲ್ಲಿ ವರ್ಷಗಟ್ಟಲೆ ದುಡಿದವರೇ, ಅವರನ್ನು ಬಲ್ಲುದು ಕತೆ, ಕವಿತೆ, ಸಿನಿಮಾ ಹಾಡುಗಳಿಂದ. ಎರಡೇ ಉದಾಹರಣೆಗಳಿಂದ ನಿಯಮ ಕಟ್ಟುವುದು ವಿಜ್ಞಾನದ ಕ್ರಮವಲ್ಲವಾದರೂ, ಈ ಕರಾವಳಿಯ ಮಣ್ಣಿನಲ್ಲಿ ರಸಾಯನಶಾಸ್ತ್ರವನ್ನು ಬಿತ್ತಿದರೆ ಸಾಹಿತ್ಯ ಮೊಳೆಯುತ್ತದೆಂಬ ಗುಮಾನಿ ಮಾಣಿಗೆ ಇದ್ದೇ ಇರುತ್ತದೆ, ಪ್ರಯೋಗ ಕೆಟ್ಟ ರಾತ್ರಿಗಳಲ್ಲಿ ಈತ ಬರೆದಿಟ್ಟ ಕವಿತೆಗಳು ಲ್ಯಾಪ್‌ಟಾಪಿನ ‘ಇತರೆ’ ಎಂಬ ಕಡತದಲ್ಲಿ ಸಿಗುತ್ತವೆ. ಅವು ಅಲ್ಲಿಯೇ ಇರುವುದು ಎಲ್ಲರಿಗೂ ಕ್ಷೇಮ.

ಪರದೇಶದ ರಸಾಯನ ವಿಭಾಗದಲ್ಲಿ ಮಾಣಿಗೆ ಶುಲ್ಕವಿಲ್ಲ, ಬದಲಾಗಿ ಕಿರಿಯ ವಿದ್ಯಾರ್ಥಿಗಳಿಗೆ ಪ್ರಯೋಗ ಹೇಳಿಕೊಡುವ ಕೆಲಸವೂ ಅದಕ್ಕೊಂದು ಭತ್ಯೆಯೂ ಇರುತ್ತವೆ. ಆ ಭತ್ಯೆಯನ್ನು ರೂಪಾಯಿಗೆ ಪರಿವರ್ತಿಸಿ ಊರಿನಲ್ಲಿ ಹೇಳಿದರೆ ಜಮೀನ್ದಾರನೆನಿಸುತ್ತದೆ, ಡಾಲರಿನಲ್ಲಿಯೇ ಇಟ್ಟುಕೊಂಡು ಅಲ್ಲಿಯ ಬಾಡಿಗೆ ಕೊಟ್ಟರೆ ಉಳಿಯುವುದು ಅಕ್ಕಿ ಬೇಳೆಗೆ ಸಾಲುವಷ್ಟು. ಈತನ ಮೇಲಧಿಕಾರಿಯನ್ನು ಅಲ್ಲಿ ಅಡ್ವೈಸರ್ ಎನ್ನುತ್ತಾರೆ, ಧಾರವಾಡದಲ್ಲಿ ಗೈಡ್ ಎನ್ನುತ್ತಿದ್ದರು. ವ್ಯತ್ಯಾಸವೇನೆಂದರೆ ಗೈಡನ್ನು ‘ಸರ್’ ಎಂದು ಕರೆದು ಹಿಂದಿನಿಂದ ಬೈಯಬಹುದಿತ್ತು, ಇವರನ್ನು ಹೆಸರು ಹಿಡಿದು ಕರೆಯಬೇಕಾದ್ದರಿಂದ ಬೈಯುವುದಕ್ಕೆ ಮನಸ್ಸೇ ಬರುವುದಿಲ್ಲ. ಅರವತ್ತು ವರ್ಷದ, ನರೆತ ತಲೆಯ ವಿದ್ವಾಂಸರನ್ನು ಬರಿಯ ಹೆಸರಿನಿಂದ ಕರೆಯಲು ಮಾಣಿಗೆ ಒಂದೂವರೆ ವರ್ಷ ಹಿಡಿಯುತ್ತದೆ. ಆವರೆಗೆ ಈತ ಅವರನ್ನು ಕರೆಯುವುದೇ ಇಲ್ಲ. ಅವರು ತಿರುಗಿ ನೋಡುವವರೆಗೆ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೆಮ್ಮುತ್ತಾನೆ.

ವಿಧಿಯ ವಿನೋದವೆಂದರೆ ಈತನಿಗೆ ಸಿಗುವ ಸಂಶೋಧನೆ ಸಾಮಾನ್ಯವಾಗಿ ನೀರು ತಾಕಬಾರದ ಜಾತಿಯದು. ಕೆಲವು ಲೋಹಸಂಯುಕ್ತಗಳು ಗಾಳಿಯಲ್ಲಿರುವ ತೇವ ಸೋಕಿದರೂ ಕೆಡುತ್ತವಾದ್ದರಿಂದ ಅವುಗಳನ್ನು ಗ್ಲೋವ್ ಬಾಕ್ಸ್ ಎಂಬ ಪೆಟ್ಟಿಗೆಯಲ್ಲಿ ನಿರ್ವಹಿಸಬೇಕು. ಅದರೊಳಗೆ ಗಾಳಿಯ ಬದಲು ಸಾರಜನಕವನ್ನೋ ಆರ್ಗಾನನ್ನೋ ತುಂಬಿ, ತೇವಾಂಶವನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿಸಿರುತ್ತಾರೆ, ಕೆಲಸಗಾರನು ಗಾಜಿನ ಹೊರಗೆ ನಿಂತು ಪೆಟ್ಟಿಗೆಗೇ ಅಂಟಿಸಿದ ಉದ್ದನೆಯ ಕೈಗವಸುಗಳಲ್ಲಿ ತೋಳು ತೂರಿಸಿ ಕೆಲಸ ಮಾಡುತ್ತಾನೆ. ಇತ್ತ ಹೊನ್ನಾವರವೋ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು. ಆಷಾಢದಲ್ಲಿ ಬೆಂಕಿಪೊಟ್ಟಣ ಹೊತ್ತುವುದಿಲ್ಲ, ಚಪ್ಪಲಿಗೆ ಬೂಸಲು ಹಿಡಿಯುತ್ತದೆ, ಉಪ್ಪಿನ ಮರಿಗೆಯಲ್ಲಿ ಉಪ್ಪು ತಾನಾಗಿ ನೀರಾಗುತ್ತದೆ. ಆ ಕೊನೆಯದಕ್ಕೆ ಕಾರಣ ಉಪ್ಪಿನ ಜೊತೆ ಸಮುದ್ರದಿಂದ ಬಂದ ಮೆಗ್ನೀಸಿಯಂ ಕ್ಲೋರೈಡ್ ಎಂಬ ಲವಣ. ಅದು ಗಾಳಿಯ ತೇವವನ್ನು ಹೀರಿ ಅದರಲ್ಲಿಯೇ ಕರಗುವ ಸ್ವಭಾವದ್ದು, ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರಗಳಲ್ಲಿ ಕಟ್ಟಿದ ಹರಳುಪ್ಪು ಮಳೆಗಾಲದಲ್ಲಿ ಒದ್ದೆಯಾಗುವುದು ಅದರಿಂದಲೇ. ಇಷ್ಟು ತೇವದಲ್ಲಿ ಬೆಳೆದವನಿಗೆ ಅಷ್ಟು ಒಣಗಿದ ಪೆಟ್ಟಿಗೆ ಒಪ್ಪಿಸುವುದು ಮೀನಿಗೆ ಮರಳುಗಾಡಿನ ಉಸ್ತುವಾರಿ ಕೊಟ್ಟಂತೆ ಎಂದು ತೋರಬಹುದು.

ವಸ್ತುಸ್ಥಿತಿ ಹಾಗಿಲ್ಲ. ಅದೇ ಪ್ರಯೋಗಾಲಯದ ಜರ್ಮನಿಯವನೂ ಕೊರಿಯಾದವಳೂ ಮೊದಲ ಆರು ತಿಂಗಳಲ್ಲಿ ಒಂದೆರಡು ಸಲವಾದರೂ ಪೆಟ್ಟಿಗೆಗೆ ತೇವ ಬಿಟ್ಟು ಬೈಸಿಕೊಂಡರೆ ಮಾಣಿ ಒಮ್ಮೆಯೂ ತಪ್ಪುವುದಿಲ್ಲ, ಸುರಕ್ಷತಾ ತರಬೇತಿಯಲ್ಲಿ ಹೇಳುವ ನಿಯಮಗಳೆಲ್ಲ ಈತನಿಗೆ ಐದನೆಯ ವಯಸ್ಸಿಗೇ ಬಾಯಿಪಾಠವಾಗಿರುತ್ತವೆ. ಹೊಳೆದಂಡೆಯ ಕಾಡುಮಾವಿನ ಮರದಿಂದ ನೆಲಕ್ಕೆ ಬೀಳದಂತೆ ಇಳಿಸಿದ ಅಪ್ಪೆಮಿಡಿಯನ್ನು ತೊಟ್ಟು ಸಮೇತ ಒರಸಿ ಉಪ್ಪಿನಲ್ಲಿ ಹಾಕುವುದು, ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆದು ಅದನ್ನು ಸುಕ್ಕುಗಟ್ಟಿಸುವುದು, ಆ ಗಟ್ಟಿ ಉಪ್ಪುನೀರಿನಲ್ಲಿ ಕೊಳೆಸುವ ಜೀವಿಗಳು ಬದುಕಲಾರದೆ ಹೋಗುವುದು, ಆಮೇಲೆ ಸಾಸಿವೆ ಮೆಣಸು ಅರೆದು ಭರಣಿ ತುಂಬಿ ಬಾಯಿಗೆ ಬಟ್ಟೆ ಕಟ್ಟುವುದು, ಇಷ್ಟು ಕ್ರಮದ ಹಿಂದೆ ಇರುವುದು ಒಂದೇ ಶಾಸನ: ಒದ್ದೆ ಕೈ ಹಾಕಬೇಡ, ಒದ್ದೆ ಸೌಟು ಅದ್ದಬೇಡ, ತೆಗೆದ ಕೂಡಲೇ ಮುಚ್ಚು. ಈ ಶಾಸನವನ್ನು ಉಲ್ಲಂಘಿಸಿದವರಿಗೆ ಅಮ್ಮಮ್ಮನ ನ್ಯಾಯಾಲಯದಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ. ಅಡ್ವೈಸರರು ತಮ್ಮ ಗುಂಪಿನ ಸಭೆಯಲ್ಲಿ ಈತನ ಕೈಶಿಸ್ತನ್ನು ಹೊಗಳಿ ಇದನ್ನು ಎಲ್ಲಿ ಕಲಿತೆಯೆಂದು ಕೇಳಿದಾಗ ಮಾಣಿ ಧಾರವಾಡದ ಹೆಸರು ಹೇಳಿದ್ದು ಕೃತಘ್ನತೆಯ ಒಂದು ಉದಾಹರಣೆ.

ಈತನ ಎರಡನೆಯ ಸಾಮರ್ಥ್ಯ ನಿದ್ದೆಗೆಡುವುದು. ರಸಾಯನಶಾಸ್ತ್ರದ ಬಹುಪಾಲು ಆಯುಷ್ಯ ಕಾಲಮ್ ಹಾಕುವುದರಲ್ಲಿ ಕಳೆಯುತ್ತದೆ. ಕಾಲಮ್ ಎಂದರೆ ಸಿಲಿಕಾ ಎಂಬ ಬಿಳಿಯ ಪುಡಿಯನ್ನು ತುಂಬಿದ ನೆಟ್ಟಗಿನ ಗಾಜಿನ ಕೊಳವೆ; ಮಿಶ್ರಣವನ್ನು ಅದರ ತಲೆಗೆ ಹಾಕಿ ಮೇಲಿನಿಂದ ದ್ರಾವಕ ಸುರಿಯುತ್ತ ಹೋದರೆ, ಮಿಶ್ರಣದೊಳಗಿನ ಒಂದೊಂದು ಪದಾರ್ಥವೂ ಪುಡಿಯ ಮೇಲೆ ತನಗಿರುವ ಮೋಹಕ್ಕೆ ತಕ್ಕಂತೆ ಬೇಗನೆಯೋ ತಡವಾಗಿಯೋ ಕೆಳಗಿಳಿಯುತ್ತದೆ, ಅದನ್ನು ಸಾಲಾಗಿ ಇಟ್ಟ ನಳಿಕೆಗಳಲ್ಲಿ ಹಿಡಿಯಬೇಕು. ಮಿಖಾಯಿಲ್ ತ್ಸ್ವೆಟ್ ಎಂಬ ರಷ್ಯದ ಸಸ್ಯವಿಜ್ಞಾನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲೆಯ ಬಣ್ಣಗಳನ್ನು ಬೇರ್ಪಡಿಸಲು ಹೂಡಿದ ಈ ಉಪಾಯವು ಇಂದಿಗೂ ಸಂಶೋಧಕರ ರಾತ್ರಿಗಳನ್ನು ನುಂಗುತ್ತಿದೆ. ಉಳಿದವರು ಕಾಫಿಯ ಮೇಲೆ ಕಾಫಿ ಕುಡಿದು ತೂಕಡಿಸುವಾಗ ಮಾಣಿ ಕಿವಿಗೆ ತಂತಿ ಸಿಕ್ಕಿಸಿ ಫೋನಿನಲ್ಲಿ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡುತ್ತ ಬೆಳಗು ಮಾಡುತ್ತಾನೆ. ಇಡೀ ರಾತ್ರಿಯ ಬಯಲಾಟ ನೋಡಿ ಬೆಳೆದವನಿಗೆ ಕಾಲಮ್ ಹೊಸತಲ್ಲ: ಕೋಡಂಗಿ, ಬಾಲಗೋಪಾಲ ಮೊದಲಿಗೆ ಬರುತ್ತಾರೆ, ಇವರು ಹಗುರ ಜೀವಿಗಳು, ಬೇಕಾದ ವೇಷ ನಡುರಾತ್ರಿ ಕಳೆದ ಮೇಲೆಯೇ ರಂಗಕ್ಕೆ ಬರುತ್ತದೆ, ಆ ಹೊತ್ತಿಗೆ ನಿದ್ದೆ ಹೋದವನಿಗೆ ಪ್ರಸಂಗವೇ ತಪ್ಪಿದಂತೆ. ಇಡಗುಂಜಿಯ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದಾಗ ಅದು ರಸಾಯನಶಾಸ್ತ್ರಕ್ಕೆ ಇಷ್ಟು ಉಪಕಾರ ಮಾಡೀತೆಂದು ಯಾರೂ ಎಣಿಸಿರಲಾರರು.

ಯಕ್ಷಗಾನದಿಂದ ಒಂದು ಅಪಾಯವೂ ಉಂಟು. ಪ್ರಯೋಗಾಲಯದಲ್ಲಿ ಹಳೆಯ ಉಷ್ಣಮಾಪಕವೊಂದು ಒಡೆದು ನಾಲ್ಕು ಹನಿ ಪಾದರಸ ಉರುಳಿದರೆ ಇಡೀ ಮಾಳಿಗೆಯನ್ನು ತೆರವು ಮಾಡಿಸಿ, ಮುಖವಾಡ ತೊಟ್ಟವರು ಬಂದು, ವರದಿ ಬರೆಸುವ ದೇಶ ಅದು. ಅಂಥ ಸಂದರ್ಭದಲ್ಲಿ ಮಾಣಿ, ಹಿಂದಿನ ಕಾಲದ ವೇಷಧಾರಿಗಳು ಮುಖಕ್ಕೆ ಬಳಿಯುತ್ತಿದ್ದ ಕೆಂಪು ಇಂಗಳೀಕವು ಪಾದರಸದ ಸಲ್ಫೈಡೆಂದೂ ಹಳದಿ ಅರದಾಳವು ಆರ್ಸೆನಿಕ್ಕಿನ ಸಲ್ಫೈಡೆಂದೂ, ಅವುಗಳ ಮೇಲೆ ಬೆವರು ಸುರಿಸುತ್ತ ಬೆಳಗಿನವರೆಗೆ ಕುಣಿಯುತ್ತಿದ್ದರೆಂದೂ ಹೆಮ್ಮೆಯಿಂದ ವಿವರಿಸಿದನೆಂದರೆ, ಸುರಕ್ಷತಾಧಿಕಾರಿಯು ಆ ಸಂಪ್ರದಾಯವು ಈ ಕಟ್ಟಡದಲ್ಲಿ ನಡೆಯುತ್ತಿಲ್ಲವೆಂದು ಲಿಖಿತ ಖಾತರಿ ಕೇಳುತ್ತಾನೆ.

ಇಷ್ಟೆಲ್ಲ ಬಲ್ಲವನಿಗೆ ಉತ್ತರ ತಿಳಿಯದ ಪ್ರಶ್ನೆ ಒಂದೇ. “ಮಾಣಿ ಅಲ್ಲಿ ಎಂತ ಮಾಡ್ತ?” ಎಂಬ ಆ ಪ್ರಶ್ನೆಯನ್ನು ಊರಿನವರು ಆಯಿಯನ್ನು ಕೇಳುತ್ತಾರೆ, ಆಯಿ ಭಾನುವಾರದ ಫೋನಿನಲ್ಲಿ, ಮಳೆ ಬಂತೇ ಉಂಡೆಯೇ ಎಂಬುದರ ನಡುವೆ, ಮಗನನ್ನು ಕೇಳುತ್ತಾಳೆ. ಮೊದಲ ವರ್ಷ ಈತ ತನ್ನ ಸಂಶೋಧನೆಯ ಪೂರ್ಣ ಶೀರ್ಷಿಕೆಯನ್ನು ಹೇಳಿದ, ಲೈನು ಕಟ್ಟಾಯಿತೆಂದು ಆಯಿ ಮತ್ತೆ ಮತ್ತೆ ಹಲೋ ಎಂದಳು. ಎರಡನೆಯ ವರ್ಷ “ಔಷಧಿಗೆ ಸಂಬಂಧಿಸಿದ್ದು” ಎಂದು ಸರಳಗೊಳಿಸಿದ್ದರಿಂದ ಈತ ಮೆಡಿಕಲ್ ಶಾಪ್ ಇಡುವುದಕ್ಕೆ ಕಲಿಯುತ್ತಿದ್ದಾನೆಂದು ಊರು ತೀರ್ಮಾನಿಸಿ, ಬಸ್‌ಸ್ಟ್ಯಾಂಡಿನ ಹತ್ತಿರ ಖಾಲಿಯಿದ್ದ ಒಂದು ಮಳಿಗೆಯ ಬಾಡಿಗೆಯನ್ನೂ ವಿಚಾರಿಸಿತು. ಮೂರನೆಯ ವರ್ಷ ಡಾಕ್ಟರೇಟ್ ಎಂಬ ಶಬ್ದ ಸೋರಿದ್ದರಿಂದ ಮಂಡಿನೋವಿನವರು, ಸಕ್ಕರೆ ಕಾಯಿಲೆಯವರು ತಮ್ಮ ರಕ್ತಪರೀಕ್ಷೆಯ ಚೀಟಿಗಳನ್ನು ವಾಟ್ಸ್ಆ್ಯಪಿನಲ್ಲಿ ಕಳಿಸತೊಡಗಿದರು.

ಮನೆಯ ವಸ್ತುವಿನಿಂದಲೇ ವಿವರಿಸಬೇಕೆಂದು ಈತ ಆಮೇಲೆ ಕಂಡುಕೊಂಡ ಮಾರ್ಗ ಶಾಸ್ತ್ರೀಯವಾಗಿ ಸರಿಯಾದದ್ದು, ವ್ಯವಹಾರದಲ್ಲಿ ಮಾತ್ರ ತೊಡಕಿನದು. ಕಾಳುಮೆಣಸಿನ ಖಾರಕ್ಕೆ ಕಾರಣ ಪೈಪರಿನ್ ಎಂಬ ವಸ್ತು. ಅದನ್ನು ಡೆನ್ಮಾರ್ಕಿನ ಓರ್‌ಸ್ಟೆಡ್ ಎಂಬ ವಿಜ್ಞಾನಿ, ವಿದ್ಯುತ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿ ತಿರುಗುವುದನ್ನು ಕಂಡು ಜಗತ್ಪ್ರಸಿದ್ಧನಾಗುವುದಕ್ಕೆ ಒಂದು ವರ್ಷ ಮೊದಲು, 1819ರಲ್ಲಿ ಬೇರ್ಪಡಿಸಿದ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದು ಈ ಪೈಪರಿನ್ನಿನ ದೆಸೆಯಿಂದಲೇ ಎಂದು ಮಾಣಿ ಹೇಳಿದ್ದು ತಂದೆಗೆ ಹಿಡಿಸಿತು. ಆ ಹುರುಪಿನಲ್ಲಿ ಅಡಿಕೆಯ ಮಾತು ಬಂದಾಗ ಮಾತ್ರ ಈತ ನಾಲಗೆ ಕಚ್ಚಿಕೊಂಡ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರೀಯ ವಸ್ತುವಿದೆ ಎಂಬಲ್ಲಿಗೆ ನಿಲ್ಲಿಸಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಯಾವ ಪಟ್ಟಿಗೆ ಸೇರಿಸಿದೆ ಎಂಬುದನ್ನು ನುಂಗಿಕೊಂಡ. ವಿಮಾನದ ಟಿಕೆಟ್ಟಿನಿಂದ ಹಿಡಿದು ಅರ್ಜಿಯ ಶುಲ್ಕದವರೆಗೆ ಎಲ್ಲವನ್ನೂ ಕಟ್ಟಿದ್ದು ಎರಡು ಎಕರೆ ಅಡಿಕೆ ತೋಟ. ಬೆಳಗ್ಗೆ ಎದ್ದ ಕೂಡಲೇ ಈತ ಹೊಸ ಸಂಶೋಧನಾ ಲೇಖನಗಳಿಗಿಂತ ಮೊದಲು ಕುಮಟಾ ಮಾರುಕಟ್ಟೆಯ ಚಾಲಿ ಅಡಿಕೆಯ ದರ ನೋಡುವುದು ಈ ಋಣದ ಅರಿವಿನಿಂದಲೇ.

ತಂದೆಯ ವಿಷಯದಲ್ಲಿ ಇನ್ನೂ ಒಂದು ಮುಜುಗರ ಇದೆ. ಮಳೆಗಾಲದಲ್ಲಿ ಅಡಿಕೆಗೊನೆಗೆ ತಗಲುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ರೂಢಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೂಲತಃ ಫ್ರಾನ್ಸಿನ ದ್ರಾಕ್ಷಿ ತೋಟಗಳದಾದ ಈ ಔಷಧವನ್ನು ಅಡಿಕೆಗೆ ಹೊಂದಿಸಿಕೊಟ್ಟ ಲೆಸ್ಲಿ ಕೋಲ್ಮನ್ ಅವರು ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದವರು, ಕೊಳೆರೋಗದ ಮೇಲಿನ ಅವರ ಗ್ರಂಥ ಹೊರಬಂದದ್ದು 1910ರಲ್ಲಿ. ಅಂದರೆ ಅಲ್ಲಿಂದ ಇಲ್ಲಿಗೆ ಬಂದು ಅಡಿಕೆ ಓದಿದವರೂ ಇದ್ದರು. ಮಿಶ್ರಣದಲ್ಲಿ ತಾಮ್ರ ಹೆಚ್ಚಾದರೆ ಗೊನೆ ಸುಡುವುದರಿಂದ ತಂದೆಯು ಉಜ್ಜಿದ ಕತ್ತಿಯೊಂದನ್ನು ಪೀಪಾಯಿಯಲ್ಲಿ ಅದ್ದಿ ತೆಗೆಯುತ್ತಾನೆ. ಅಲಗಿನ ಮೇಲೆ ಕೆಂಪು ಕೂತರೆ ಕಬ್ಬಿಣವು ಕರಗಿ ತಾಮ್ರವನ್ನು ಹೊರದಬ್ಬಿದೆ, ಸುಣ್ಣ ಸಾಲದು ಎಂದು ಅರ್ಥ; ಇನ್ನೊಂದು ಹಿಡಿ ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಿದರೆ ಕತ್ತಿ ಬೆಳ್ಳಗೆ ಬರುತ್ತದೆ, ಔಷಧ ಹೊಡೆಯುವ ಕೊನೆಗೌಡ ಮರ ಹತ್ತುತ್ತಾನೆ. ಹೀಗೆ ನೂರು ಲೀಟರ್ ದ್ರಾವಣದ ಅಂತ್ಯಬಿಂದುವನ್ನು ಅರ್ಧ ನಿಮಿಷದಲ್ಲಿ ಕಂಡುಹಿಡಿಯುವವನ ಮಗನು, ಹತ್ತು ಮಿಲಿಲೀಟರಿನಲ್ಲಿ ಅದೇ ತಾಮ್ರವನ್ನು ಅಳೆಯುವುದಕ್ಕೆ ಮೂರು ಲಕ್ಷ ಡಾಲರಿನ ಯಂತ್ರದ ಮುಂದೆ ಹೆಸರು ಬರೆಸಿ ಗುರುವಾರದವರೆಗೆ ಕಾಯುತ್ತಾನೆ.

ಪ್ರಯೋಗಾಲಯದ ಹೊರಗಿನ ಆಸಕ್ತಿಗಳೆಲ್ಲ ಊಟದ ಸುತ್ತಲಿನವು. ಮೀನಿನ ಮನೆಯಿಂದ ಬಂದವನಾದರೆ ಒಣಬಂಗಡೆ ಹುರಿದ ಒಂದು ಭಾನುವಾರದ ನಂತರ ಕಟ್ಟಡದ ಉಳಿದ ಬಾಡಿಗೆದಾರರೊಡನೆ ಸಂಧಾನಕ್ಕೆ ಕೂರಬೇಕಾಗುತ್ತದೆ, ಆ ವಾಸನೆಗೆ ಟ್ರೈಮೀಥೈಲ್ ಅಮೀನ್ ಎಂಬ ಕ್ಷಾರ ಕಾರಣವೆಂದೂ, ಹುಳಿ ತಾಕಿದರೆ ಅದು ಗಾಳಿಗೆ ಹಾರದ ಲವಣವಾಗುವುದರಿಂದಲೇ ಊರಿನ ಮೀನುಸಾರಿಗೆ ಹುಳಿ ಬೀಳುತ್ತದೆಂದೂ ಈತ ಕೊಡುವ ವಿವರಣೆ ಯಾರ ಮೂಗನ್ನೂ ಸಮಾಧಾನಪಡಿಸುವುದಿಲ್ಲ. ಯುಗಾದಿಗೆ ಕನ್ನಡ ಕೂಟದ ಸಾಫ್ಟ್‌ವೇರ್ ದಂಪತಿಗಳ ಮನೆಯಲ್ಲಿ ಊಟವಿರುತ್ತದೆ. ಅವರ ಗ್ಯಾರೇಜು ಈತನ ಬಾಡಿಗೆ ಮನೆಗಿಂತ ದೊಡ್ಡದು. ಮಾಣಿ ಅಲ್ಲಿ ಮೂರು ಹೊತ್ತಿನದನ್ನು ಒಂದೇ ಹೊತ್ತಿಗೆ ಉಂಡು, ಕಟ್ಟಿಕೊಟ್ಟ ಹೋಳಿಗೆಯನ್ನು ಬೇಡವೆನ್ನುತ್ತಲೇ ಚೀಲಕ್ಕೆ ಇಳಿಸಿ, ಪ್ರತಿಯಾಗಿ ಅವರ ಮಗಳಿಗೆ ಬೆಂಜೀನ್ ಹೇಳಿಕೊಡುತ್ತಾನೆ. ಬೆಂಜೀನಿನ ಆರು ಇಂಗಾಲಗಳು ಉಂಗುರವಾಗಿ ಕುಳಿತಿವೆಯೆಂದು 1865ರಲ್ಲಿ ಸೂಚಿಸಿದ ಕೆಕುಲೆ ಎಂಬ ಜರ್ಮನ್ ಪಂಡಿತ, ತನ್ನ ಬಾಲವನ್ನು ತಾನೇ ಕಚ್ಚಿದ ಹಾವನ್ನು ಅರೆನಿದ್ದೆಯಲ್ಲಿ ಕಂಡದ್ದೇ ಅದಕ್ಕೆ ಪ್ರೇರಣೆಯೆಂದು 1890ರ ಸನ್ಮಾನದಲ್ಲಿ ಹೇಳಿದ. ಆ ಕನಸು ಹೊನ್ನಾವರದಲ್ಲಿ ಬಿದ್ದಿದ್ದರೆ ಮರುದಿನವೇ ಮುಗ್ವಾ ಸುಬ್ರಹ್ಮಣ್ಯನಿಗೆ ಹಣ್ಣುಕಾಯಿ ಮಾಡಿಸಿ ಮುಗಿಸುತ್ತಿದ್ದರು, ಬೆಂಜೀನ್ ಹಾಗೆಯೇ ಉಳಿಯುತ್ತಿತ್ತು.

ನಾಲ್ಕನೆಯ ವರ್ಷದಿಂದ ಪ್ರಶ್ನೆಯ ರೂಪ ಬದಲಾಗುತ್ತದೆ: “ಯಾವಾಗ ಮುಗೀತು?” ಬಿ.ಎಸ್ಸಿ.ಗೆ ಮೂರು ವರ್ಷ, ಎಂ.ಎಸ್ಸಿ.ಗೆ ಎರಡು ವರ್ಷ ಎಂದು ಖಚಿತವಿರುವಂತೆ ಇದಕ್ಕೆ ಇಲ್ಲವೆಂಬುದನ್ನು, ಸಂಶೋಧನೆಯು ಅಡ್ವೈಸರರಿಗೆ ಸಾಕೆನಿಸಿದಾಗ ಮುಗಿಯುತ್ತದೆಂಬುದನ್ನು, ಅವರಿಗೆ ಯಾವಾಗ ಸಾಕೆನಿಸುತ್ತದೆಂಬುದು ಅವರಿಗೂ ತಿಳಿಯದೆಂಬುದನ್ನು ಜಗಲಿಯ ಮೇಲೆ ಕೂತವರಿಗೆ ಮನಗಾಣಿಸುವುದು ಕಷ್ಟ. ಹೆಣ್ಣಿನ ಕಡೆಯವರು ಬಂದು ಹುಡುಗನ ವಯಸ್ಸು ಕೇಳಿ, ಉದ್ಯೋಗ ಕೇಳಿ, ‘ವಿದ್ಯಾರ್ಥಿ’ ಎಂಬ ಉತ್ತರ ಕೇಳಿದ ಮೇಲೆ ಎಷ್ಟು ಸಲ ನಪಾಸಾದನೆಂದು ದಾಕ್ಷಿಣ್ಯದಿಂದ ಕೇಳದೆ ಚಹಾ ಕುಡಿದು ಎದ್ದಿದ್ದಾರೆ. ಆದ್ದರಿಂದಲೇ ರಜೆಗೆ ಬರುವ ತಿಂಗಳನ್ನು ಆರಿಸುವಾಗ ಮಾಣಿ ಪಂಚಾಂಗ ನೋಡುತ್ತಾನೆ. ಅಲ್ಲಿಯ ಬೇಸಿಗೆ ರಜೆಗೆ ಇಲ್ಲಿಯ ಆಷಾಢ ಸರಿಹೊಂದುತ್ತದೆ. ಆಷಾಢದಲ್ಲಿ ಮದುವೆಯಿಲ್ಲ, ಹೆಣ್ಣು ನೋಡುವ ಶಾಸ್ತ್ರವಿಲ್ಲ, ಘಾಟಿಯಲ್ಲಿ ಮಣ್ಣು ಕುಸಿದಿದ್ದರೆ ದೂರದ ನೆಂಟರೂ ಬರಲಾರರು.

ಐದು ವರ್ಷದ ಮೇಲೆ ಹೀಗೊಂದು ಆಷಾಢದಲ್ಲಿ ಬಂದಿಳಿದವನ ಮೊದಲ ಊಟ ವಿಶೇಷವಾದದ್ದು. ಹೊರಗೆ ಶರಾವತಿ ಕೆಂಪಗೆ ತುಂಬಿ ಹರಿಯುತ್ತಿರುತ್ತದೆ, ತಂದೆ ಕತ್ತಿ ಅದ್ದಿ ನೋಡಿ ಪೀಪಾಯಿಗೆ ಸುಣ್ಣ ಸೇರಿಸುತ್ತಿರುತ್ತಾನೆ, ಜಗಲಿಯಲ್ಲಿ ಪಕ್ಕದ ಮನೆಯ ಹೆಗಡೇರು ಕವಳ ಹಾಕುತ್ತ ಮಳೆ ಬಿಡುವುದನ್ನು ಕಾಯುತ್ತಿರುತ್ತಾರೆ. ಗಂಜಿಯ ತಟ್ಟೆಯ ಮುಂದೆ ಕೂತ ಮಾಣಿಗೆ ವಿಮಾನದ ನಿದ್ದೆ ಇನ್ನೂ ಬಿಟ್ಟಿರುವುದಿಲ್ಲ. ನೀರಿನ ಲೋಟದಲ್ಲಿದ್ದ ಚಮಚವನ್ನು ಎತ್ತಿ, ಎದುರಿಗಿದ್ದ ಭರಣಿಯ ಬಟ್ಟೆ ಬಿಚ್ಚಿ, ಹತ್ತು ಲಕ್ಷದಲ್ಲಿ ಒಂದು ಪಾಲು ತೇವವನ್ನೂ ಐದು ವರ್ಷ ಒಳಗೆ ಬಿಡದಿದ್ದ ಆ ಕೈ, ನೀರು ತೊಟ್ಟಿಕ್ಕುವ ಚಮಚವನ್ನು ಈ ವರ್ಷದ ಅಪ್ಪೆಮಿಡಿಯ ನಡುವೆ ಬುಡದವರೆಗೆ ಇಳಿಸಿಬಿಡುತ್ತದೆ. ಅಮ್ಮಮ್ಮ ಒಂದು ಮಾತನ್ನೂ ಆಡದೆ ಭರಣಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ. ಅದೇ ಹೊತ್ತಿಗೆ ಜಗಲಿಯಿಂದ ಹೆಗಡೇರು, ಕವಳ ತುಂಬಿದ ಬಾಯನ್ನು ಮೇಲಕ್ಕೆತ್ತಿಕೊಂಡು, “ಮಾಣಿ ಅಲ್ಲಿ ಎಂತ ಮಾಡ್ತ?” ಎಂದು ಕೇಳುತ್ತಾರೆ; ಚಮಚವನ್ನು ಮಗನ ಕೈಯಿಂದ ಕಿತ್ತುಕೊಂಡು ಸೆರಗಿನಲ್ಲಿ ಒರಸುತ್ತಿರುವ ಆಯಿ ಒಳಗಿನಿಂದಲೇ ಕೂಗಿ ಹೇಳುತ್ತಾಳೆ: “ಇನ್ನೂ ಕಲೀತಾ ಇದ್ದ.”